ಸುಮ್ಮನೆ ಕೂತಿದ್ದಳು

ನಗುವುದನ್ನು ಯಾರೂ ಕೆಲಸ ಅಂತ ಹಿಡಿಯುವುದಿಲ್ಲ. ಹಿಡಿದಿದ್ದರೆ ಹಾಸಿಗೆ ಅಕ್ಕನ ಒಂದಿಡೀ ವರ್ಷ ಹಾಗೆ ಹಾಳಾಗುತ್ತಿರಲಿಲ್ಲ. ಆ ಸಿಟ್ಟು ನನಗೆ ಇನ್ನೂ ಹೋಗಿಲ್ಲ, ಇರಲಿ, ಮೊದಲಿಂದ ಹೇಳುತ್ತೇನೆ.

ಹಾಸಿಗೆ ಅಕ್ಕ ಅಂದರೆ ಆ ಬೀದಿಯಲ್ಲಿ ಗೊತ್ತಿಲ್ಲದವರಿಲ್ಲ. ಬಸ್ಸು ಓಡಾಡುವ ರಸ್ತೆಗೆ ಮುಖ ಮಾಡಿದ ಹಾಸಿಗೆ ಅಂಗಡಿ. ಒಳಗೆ ಹತ್ತಿ ಹಿಂಜುವ ಯಂತ್ರ, ಅದರ ಹಿಂದೆ ಮೂಟೆಗಳು, ಮೂಟೆಗಳ ಹಿಂದೆ ಎರಡು ಕೋಣೆಯ ಮನೆ. ಯಂತ್ರದ ಹತ್ತಿರ ಯಜಮಾನರು, ಅಂದರೆ ಅವಳ ಗಂಡ. ಮುಂದಿನ ಜಗುಲಿಯ ಮೇಲೆ ಅವಳು. ಹೊಸ ಹಾಸಿಗೆಯ ಮೇಲೆ ಕಾಲು ಚಾಚಿ ಕೂತು, ದಬ್ಬಣಕ್ಕೆ ದಪ್ಪ ದಾರ ಪೋಣಿಸಿ, ಹತ್ತಿ ಸರಿದಾಡದ ಹಾಗೆ ಅಲ್ಲಲ್ಲಿ ಟಾಕು ಹಾಕುತ್ತಾಳೆ. ಅವಳು ಹೊಲಿದ ಹಾಸಿಗೆ ವರ್ಷಗಟ್ಟಲೆ ಮಲಗಿದರೂ ಗಂಟು ಕಟ್ಟುವುದಿಲ್ಲ. ಅದನ್ನು ಅವಳೇ ಹೇಳಿಕೊಳ್ಳುತ್ತಾಳೆ, ಸಂಕೋಚವೇನೂ ಇಲ್ಲ.

ಅವಳಿಗೆ ಒಬ್ಬಳು ತಂಗಿ. ಬಸ್ ಕಂಡಕ್ಟರ್. ಪಕ್ಕದ ಬೀದಿಯಲ್ಲಿ ಒಂದು ಕೋಣೆ ಮಾಡಿಕೊಂಡಿದ್ದಾಳೆ. ಮದುವೆ ಯಾಕೆ ಆಗಲಿಲ್ಲ ಅಂತ ಯಾರಾದರೂ ಕೇಳಿದರೆ, "ನಂದು ಪ್ರತಿ ಸ್ಟಾಪಲ್ಲೂ ರೈಟ್ ಹೇಳೋ ಕೆಲಸ. ಒಬ್ಬರ ಹತ್ರ ನಿಲ್ಲೋಕೆ ಆಗಲ್ಲ," ಎಂದುಬಿಡುತ್ತಾಳೆ. ಚಿಕ್ಕಂದಿನಲ್ಲಿ ತಾಯಿ ಗಿರಣಿಯಲ್ಲಿ ಸಂಜೆ ಪಾಳಿ ಮಾಡುತ್ತಿದ್ದಳು. ತಂಗಿಗೆ ಉಣಿಸಿ, ಜಡೆ ಹಾಕಿ, ಮಲಗಿಸುವುದು ಅಕ್ಕನ ಪಾಲು. ಅದಕ್ಕೆ ಬದಲಾಗಿ ತಂಗಿ ಅವಳನ್ನು ನಗಿಸುತ್ತಿದ್ದಳು. ಮೇಷ್ಟ್ರು ಕೆಮ್ಮುವ ರೀತಿ, ಹಾಲಿನವನು ಜಗಳಕ್ಕೆ ನಿಂತಾಗ ಪಂಚೆ ಎತ್ತಿ ಕಟ್ಟುವ ರೀತಿ, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದಳು. ಒಂದೇ ಹೊದಿಕೆಯೊಳಗೆ ಇಬ್ಬರೂ ಬಾಯಿಗೆ ಕೈ ಒತ್ತಿಕೊಂಡು ನಗುತ್ತಿದ್ದರು. ತಾಯಿ ಬಂದವಳು, "ಹೆಣ್ಣುಮಕ್ಕಳು ಹೀಗೆ ಹಲ್ಲು ಕಿರೀಬಾರ್ದು. ಕೇಳಿದೋರು ಏನಂದ್ಕೋತಾರೆ?" ಎಂದು ಗದರುತ್ತಿದ್ದಳು. ಆ ಗದರಿಕೆಗೂ ಅವರಿಗೆ ನಗು ಬರುತ್ತಿತ್ತು.

ಅಕ್ಕನ ಮದುವೆಯಾದ ಮೇಲೂ ಅದು ನಿಲ್ಲಲಿಲ್ಲ. ಡ್ಯೂಟಿ ಮುಗಿಸಿ ಹೆಗಲಿಗೆ ಟಿಕೆಟ್ ಚೀಲ ನೇತುಹಾಕಿಕೊಂಡೇ ತಂಗಿ ಅಂಗಡಿಗೆ ಬರುತ್ತಿದ್ದಳು. ಚಹಾ ಕುಡಿಯುತ್ತಾ ಆ ದಿನದ ಬಸ್ಸನ್ನು ಬಿಚ್ಚಿಡುತ್ತಿದ್ದಳು. ಅಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಯಜಮಾನರು ಮಾತ್ರ ಹತ್ತಿ ಹಿಂಜುತ್ತಾ ಗಂಭೀರವಾಗಿರುತ್ತಿದ್ದರು. ಅವರು ಕೆಟ್ಟವರಲ್ಲ, ಅವರ ಮುಖ ಇರುವುದೇ ಹಾಗೆ.

ಮೊದಲ ಸಲ ಬಿದ್ದಾಗ ಅವಳು ಸ್ಟೂಲಿನ ಮೇಲೆ ಕೂತಿದ್ದಳು. ತಂಗಿ ಏನೋ ಹೇಳಿದಳು, ಅಕ್ಕ ಗಹಗಹಿಸಿದಳು, ಗಹಗಹಿಸುತ್ತಲೇ ಕಣ್ಣು ಮೇಲಾಗಿ ಜಾರಿ ನೆಲಕ್ಕೆ ಬಂದಳು. ಮುಖಕ್ಕೆ ನೀರು ಚಿಮುಕಿಸುವಷ್ಟರಲ್ಲಿ ಎಚ್ಚರವೂ ಆಯಿತು. ಆಸ್ಪತ್ರೆಯ ತುರ್ತು ವಿಭಾಗದಲ್ಲಿ ರಕ್ತ ತೆಗೆದರು, ಎದೆಗೆ ವೈರು ಅಂಟಿಸಿದರು, ಸಕ್ಕರೆ ನೋಡಿದರು. ಎಲ್ಲ ಸರಿಯಾಗಿತ್ತು. "ಬೀಳೋ ಮುಂಚೆ ಏನು ಮಾಡ್ತಿದ್ರು?" ಎಂದು ಅಲ್ಲಿನ ಡಾಕ್ಟರು ಕೇಳಿದರು. "ಏನೂ ಇಲ್ಲ ಸಾರ್. ಸುಮ್ನೆ ಕೂತಿದ್ಲು," ಎಂದರು ಯಜಮಾನರು.

ನೋಡಿ, ಎಡವಟ್ಟಾದದ್ದು ಅಲ್ಲಿಯೇ. ಅವರೇನೂ ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಅವರ ಪ್ರಕಾರ ಹೆಂಡತಿ ಹೊಲಿಯುತ್ತಿರಲಿಲ್ಲ, ಎತ್ತುತ್ತಿರಲಿಲ್ಲ, ಇಳಿಸುತ್ತಿರಲಿಲ್ಲ. ನಗುತ್ತಿದ್ದಳು, ಅಷ್ಟೇ. ಅದನ್ನು ಡಾಕ್ಟರ ಮುಂದೆ ಹೇಳುವುದು ಹೇಗೆ? ಐವತ್ತು ದಾಟಿದ ಹೆಂಗಸು ಬಿದ್ದು ಬಿದ್ದು ನಕ್ಕಳು, ನಿಜವಾಗಿಯೂ ಬಿದ್ದಳು ಅಂದರೆ ಅವರೇ ನಕ್ಕಾರು ಅಂತ ನಾಚಿಕೆ. ಎರಡನೇ ಸಲ ಜಗುಲಿಯ ಮೆಟ್ಟಿಲ ಮೇಲೆ ಬಿದ್ದು ಹುಬ್ಬು ಒಡೆದುಕೊಂಡಾಗಲೂ ಅದೇ ಮಾತು: ಸುಮ್ಮನೆ ಕೂತಿದ್ದಳು.

ಅಕ್ಕನಾದರೂ ಬಾಯಿ ಬಿಡಬಹುದಿತ್ತಲ್ಲ? ಬಿಡಲಿಲ್ಲ. ಅವಳಿಗೆ ಗೊತ್ತಿತ್ತು. ನಗು ಒಂದು ಹದ ದಾಟಿದಾಗ ಕಿವಿಯೊಳಗೆ ಹತ್ತಿ ತುರುಕಿದಂತಾಗುವುದು, ಕಣ್ಣಿನ ಅಂಚು ಕಪ್ಪಾಗುವುದು, ಆಮೇಲೆ ಏನೂ ಇಲ್ಲವಾಗುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಹೇಳಿದರೆ ಡಾಕ್ಟರು ಏನನ್ನುತ್ತಾರೆ? ಉಪ್ಪು ಬಿಡಿ ಅಂದ ಹಾಗೆ ನಗು ಬಿಡಿ ಅಂದುಬಿಟ್ಟರೆ? ಉಪ್ಪನ್ನಾದರೆ ಬಿಡಬಹುದು. ಆ ಭಯಕ್ಕೆ ತುಟಿ ಹೊಲಿದುಕೊಂಡು ಮಲಗಿದ್ದಳು.

ಮೂರನೆಯದು ಕನ್ನಡಿಯ ಕಥೆ. ಬಸ್ಸು ಕಿಕ್ಕಿರಿದಿತ್ತಂತೆ. ಯಾರೋ ಬಡಗಿ ಆಳೆತ್ತರದ ಬೀರು ಕನ್ನಡಿಯೊಂದನ್ನು ಹಿಂದಿನ ಬಾಗಿಲಿಂದ ಹತ್ತಿಸಿ, ಹಿಂಬದಿಯ ಸೀಟಿಗೆ ಒರಗಿಸಿ ನಿಲ್ಲಿಸಿದ್ದ. ಮುಂದುಗಡೆ ಟಿಕೆಟ್ ಹರಿಯುತ್ತಿದ್ದ ತಂಗಿಗೆ ಅದು ಗೊತ್ತಿಲ್ಲ. ಆಮೇಲೆ ಒಬ್ಬ ಮುದುಕರು ಹತ್ತಿದರು. ಕನ್ನಡಕ ಮನೆಯಲ್ಲಿ ಮರೆತು ಬಂದವರು.

"ಎದುರಿಗೊಬ್ಬ ಮುದುಕ ಕಂಡ ನೋಡು," ಎಂದು ತಂಗಿ ಎದ್ದು ನಿಂತು ಅಭಿನಯಿಸಿದಳು. "ಸ್ವಲ್ಪ ಸರ್ಕೊಳ್ಳಿ ಅಂದ್ರು ಇವರು. ಅವನು ಸರೀಲಿಲ್ಲ. ಇವರು ಕೈ ಮುಗಿದ್ರೆ ಅವನೂ ಮುಗೀತಾನೆ. ಇವರು ಗುರಾಯಿಸಿದ್ರೆ ಅವನೂ ಗುರಾಯಿಸ್ತಾನೆ. ನಾನು ಹೋಗಿ ಟಿಕೆಟ್ ಅಂದೆ. ಇವರಿಗೆ ಸಿಟ್ಟು ನೆತ್ತಿಗೇರಿತ್ತು. ಮೊದಲು ಆ ಮನುಷ್ಯನ ಹತ್ರ ತಗೊಳ್ಳಮ್ಮ, ನನಗಿಂತ ಮುಂಚೆ ಹತ್ತಿರೋದು ಅವನು ಅಂದ್ರು! ಆಗ ನಾನೇನು ಮಾಡ್ದೆ ಗೊತ್ತಾ ಅಕ್ಕಾ..."

ಅಕ್ಕನಿಗೆ ಗೊತ್ತಾಗಲಿಲ್ಲ. ನಿಂತುಕೊಂಡು ನಗುತ್ತಿದ್ದವಳು ಹಾಗೆಯೇ ಕುಸಿದಳು. ತಲೆ ಹಿಂಜುವ ಯಂತ್ರದ ಮೂಲೆಗೆ ಬಡಿಯಿತು. ಹಿಂಜಿದ ಬಿಳಿ ಹತ್ತಿಯ ಮೇಲೆ ರಕ್ತ ಹರಿದದ್ದನ್ನು ನೋಡಿ ತಂಗಿ ಗೋಡೆಗೆ ಒರಗಿ ನಿಂತುಬಿಟ್ಟಳು.

ಹೊಲಿಗೆ ಹಾಕಿಸಿಕೊಂಡು ಮನೆಗೆ ಬಂದ ಮೇಲೆ ಯಜಮಾನರು ನಾದಿನಿಯನ್ನು ಪಕ್ಕಕ್ಕೆ ಕರೆದರು. "ನೋಡಮ್ಮಾ, ತಪ್ಪು ತಿಳ್ಕೋಬೇಡ. ಪ್ರತಿ ಸಲ ನೀನು ಬಂದಾಗ್ಲೇ ಹಿಂಗಾಗೋದು. ನೀನು ಬಾ, ಊಟ ಮಾಡು. ಆದ್ರೆ ಆ ಕಥೆಗಿಥೆ ಬೇಡ." ಅವರ ಕಣ್ಣು ಕೆಂಪಾಗಿತ್ತು. ತಂಗಿ ವಾದಿಸಲಿಲ್ಲ. "ನೀವು ಹೇಳೋದು ಸರಿ ಭಾವ," ಎಂದಳು.

ಅಲ್ಲಿಂದ ಶುರುವಾಯಿತು ಆ ಬಡಪಾಯಿ ವರ್ಷ. ತಂಗಿ ಬರುತ್ತಿದ್ದಳು. ಜಗುಲಿಯ ಆ ತುದಿಗೆ, ಚೀಲವನ್ನು ಮಡಿಲಲ್ಲಿಟ್ಟುಕೊಂಡು, ಹೆಣ್ಣು ನೋಡಲು ಬಂದವರ ಹಾಗೆ ಕೂರುತ್ತಿದ್ದಳು. ತರಕಾರಿ ಬೆಲೆ, ಮಂಡಿನೋವು, ನಲ್ಲಿಯಲ್ಲಿ ನೀರು ಬಾರದಿದ್ದದ್ದು, ಇಷ್ಟೇ ಮಾತು.

"ಆಮೇಲೆ ಆ ಮುದುಕರು ಏನಾದ್ರೇ?" ಎಂದು ಅಕ್ಕ ಮೆಲ್ಲಗೆ ಕೇಳುತ್ತಿದ್ದಳು.

"ಯಾವ ಮುದುಕರು? ಇಳಿದು ಹೋದ್ರು, ಅಷ್ಟೇ," ಎನ್ನುತ್ತಿದ್ದಳು ತಂಗಿ, ನೆಲ ನೋಡಿಕೊಂಡು.

"ನೀನೇನೋ ಮಾಡ್ದೆ ಅಂದಿದ್ಯಲ್ಲ?"

"ಮರ್ತೋಯ್ತು ಕಣೇ."

ಅದು ಸುಳ್ಳೆಂದು ಅಕ್ಕನಿಗೆ ಗೊತ್ತು. ತನ್ನ ಬಸ್ಸಿನಲ್ಲಿ ನಡೆದದ್ದನ್ನು ತಂಗಿ ಮರೆತದ್ದೇ ಇಲ್ಲ. ಬರಬರುತ್ತಾ ಅವಳು ಬರುವುದು ಕಡಿಮೆಯಾಯಿತು. ಅಕ್ಕನ ಎದುರಿಗೆ ಕೂತು ಬಾಯಿ ಕಟ್ಟಿಕೊಂಡಿರುವುದಕ್ಕಿಂತ ಬರದಿರುವುದೇ ಅವಳಿಗೆ ಸುಲಭವಾಗಿತ್ತು.

ಆದರೆ ಬಸ್ಸು ಬರುತ್ತಿತ್ತು. ಅಂಗಡಿಯ ಎದುರಿಗೇ ಹಾದು ಹೋಗುತ್ತಿತ್ತು. ತಂಗಿಯ ಸೀಟಿ ಅಕ್ಕನಿಗೆ ದೂರದಿಂದಲೇ ಗೊತ್ತಾಗುತ್ತಿತ್ತು, ಬೇರೆ ಕಂಡಕ್ಟರುಗಳಂತಲ್ಲ, ಕೊನೆಯಲ್ಲಿ ಸ್ವಲ್ಪ ಎಳೆಯುತ್ತಾಳೆ. ಅದು ಕೇಳಿದ್ದೇ ಅಕ್ಕ ದಬ್ಬಣವನ್ನು ಹಾಸಿಗೆಗೆ ಚುಚ್ಚಿ ಎದ್ದು ಬೀದಿಯಂಚಿಗೆ ಬರುತ್ತಿದ್ದಳು. ಬಾಗಿಲಲ್ಲಿ ನೇತಾಡುತ್ತಾ ತಂಗಿ ಒಂದು ಕೈ ಎತ್ತುತ್ತಿದ್ದಳು. ಬಸ್ಸು ಹೊರಟುಹೋಗುತ್ತಿತ್ತು. ಅಕ್ಕ ಬಂದು ಮತ್ತೆ ದಬ್ಬಣ ಕೀಳುತ್ತಿದ್ದಳು. ತಂಗಿ ಬೇಕಿತ್ತು ಅವಳಿಗೆ. ಬರೀ ಕೈ ಎತ್ತುವ ತಂಗಿಯಲ್ಲ, ಆ ತರಕಾರಿ ಬೆಲೆ ಹೇಳುವ ತಂಗಿಯೂ ಅಲ್ಲ. ಒಂದೇ ಹೊದಿಕೆಯೊಳಗೆ ಮೇಷ್ಟ್ರ ಹಾಗೆ ಕೆಮ್ಮುತ್ತಿದ್ದಳಲ್ಲ, ಅವಳು.

ಯಜಮಾನರೂ ಪಾಪ, ತಮ್ಮ ಕೈಲಾದಷ್ಟು ಮಾಡಿದರು. ರೇಡಿಯೋದಲ್ಲಿ ಹಾಸ್ಯದ ಕಾರ್ಯಕ್ರಮ ಬಂದರೆ ಎದ್ದು ಹೋಗಿ ಆರಿಸುತ್ತಿದ್ದರು. ಗಿರಾಕಿಗಳಲ್ಲಿ ಯಾರಾದರೂ ಚೇಷ್ಟೆ ಮಾಡಿದರೆ ಕಣ್ಸನ್ನೆ ಮಾಡಿ ತಡೆಯುತ್ತಿದ್ದರು. ಹೆಂಡತಿ ಬೀಳಲಿಲ್ಲ ಎಂದು ಅವರಿಗೆ ಸಮಾಧಾನ. ಹೆಂಡತಿ ದಿನದಿನಕ್ಕೆ ಬತ್ತುತ್ತಿದ್ದದ್ದು ಅವರಿಗೆ ಕಾಣಲಿಲ್ಲವೋ, ಕಂಡೂ ಏನು ಮಾಡಬೇಕೆಂದು ತೋಚಲಿಲ್ಲವೋ, ದೇವರೇ ಬಲ್ಲ.

ಒಂದು ಮಧ್ಯಾಹ್ನ ಹಾಸ್ಟೆಲ್ಲಿನವರ ಹಾಸಿಗೆಗಳನ್ನು ಹೊಲಿಯುತ್ತಿದ್ದಾಗ ದಾರ ಮುಗಿಯಿತು. ತರಲೆಂದು ಎದ್ದಳು. ಯಾಕೋ ಆ ಮುದುಕರು ನೆನಪಾದರು. 'ನನಗಿಂತ ಮುಂಚೆ ಹತ್ತಿರೋದು ಅವನು.' ಮೊದಲು ತುಟಿಯಲ್ಲೇ ನಕ್ಕಳು. ಆಮೇಲೆ ಭುಜ ಕುಲುಕಿತು. ಆಮೇಲೆ ಆ ವರ್ಷವಿಡೀ ತಡೆದಿಟ್ಟದ್ದೆಲ್ಲ ಒಟ್ಟಿಗೆ ಬಂತು. ಯಜಮಾನರು ಒಳಗಿಂದ ಓಡಿ ಬರುವಷ್ಟರಲ್ಲಿ ಅವಳು ಜಗುಲಿಯಿಂದ ಕೆಳಗೆ ಬಿದ್ದಿದ್ದಳು. ಗದ್ದ ಸೀಳಿತ್ತು, ಮಣಿಕಟ್ಟು ಊದಿತ್ತು.

ಮತ್ತದೇ ತುರ್ತು ವಿಭಾಗ, ಅದೇ ಹಸಿರು ಪರದೆ. ಈ ಸಲ ಇದ್ದದ್ದು ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ. ನಿದ್ದೆಗೆಟ್ಟ ಮುಖ, ಆದರೆ ಕಿವಿ ಚುರುಕು.

"ಬೀಳೋ ಮುಂಚೆ ಏನು ಮಾಡ್ತಿದ್ರು?"

"ಸುಮ್ನೆ ಕೂತಿದ್ಲು ಡಾಕ್ಟ್ರೇ," ಎಂದರು ಯಜಮಾನರು, ಎಂದಿನಂತೆ.

"ಇಲ್ಲ," ಎಂದಳು ಅಕ್ಕ ಮಂಚದಿಂದ. "ನಗ್ತಿದ್ದೆ."

ಡಾಕ್ಟರಮ್ಮ ಪೆನ್ನು ನಿಲ್ಲಿಸಿದರು. "ಯಾರ ಜೊತೆ?"

"ಒಬ್ಳೇ. ನಮ್ಮನೇಲಿ ನಗು ನಿಂತು ಒಂದು ವರ್ಷ ಆಯ್ತು. ಹಳೇದು ಸ್ವಲ್ಪ ಉಳಿದಿತ್ತು. ಅದನ್ನೇ ತೆಗೆದು ನಕ್ಕೆ." ಗದ್ದದ ಹೊಲಿಗೆ ಎಳೆಯುತ್ತಿದ್ದರೂ ಅವಳು ನಿಲ್ಲಿಸಲಿಲ್ಲ. "ಪ್ರತಿ ಸಲವೂ ನಕ್ಕಾಗ್ಲೇ ಬಿದ್ದಿರೋದು. ನಗೋದು ಬಿಡಿ ಅಂತೀರೇನೋ ಅಂತ ಹೇಳಿರ್ಲಿಲ್ಲ. ಈಗ ಬಿಟ್ಟೂ ಆಯ್ತು, ಬಿದ್ದೂ ಆಯ್ತು. ಇನ್ನೇನು ಮುಚ್ಚಿಡೋದು?"

ಯಜಮಾನರು ಗೋಡೆಯ ಕಡೆ ತಿರುಗಿದರು. ವರ್ಷವಿಡೀ ಹೆಂಡತಿಯನ್ನು ಕಾಪಾಡಿದೆ ಅಂದುಕೊಂಡಿದ್ದ ಮನುಷ್ಯ.

ಡಾಕ್ಟರಮ್ಮ ನಗಲಿಲ್ಲ. ಸ್ಟೂಲು ಎಳೆದುಕೊಂಡು ಹತ್ತಿರ ಕೂತರು. "ಏನು ಮಾಡ್ತಿದ್ರಿ ಅಂತ ನಾವು ಮಾತಿಗೆ ಕೇಳೋದಲ್ಲಮ್ಮ. ಇಲ್ಲಿಗೆ ಎಂಥೆಂಥೋರೆಲ್ಲ ಬಂದಿದಾರೆ ಗೊತ್ತಾ? ಒಬ್ಬರು ತಣ್ಣೀರು ಗಟಗಟ ಕುಡಿದ್ರೆ ಬೀಳೋರು. ಒಬ್ಬರು ಬಿಗಿ ಕಾಲರಿನ ಅಂಗಿ ಹಾಕ್ಕೊಂಡು ಕತ್ತು ತಿರುಗಿಸಿದ್ರೆ ಸಾಕು. ಒಂದು ಹುಡುಗಿ, ಅವಳಮ್ಮ ತಲೆ ಬಾಚ್ತಿದ್ರೆ ಹಾಗೇ ಕುಸಿಯೋಳು. ಒಬ್ಬ ಬ್ಯಾಂಡಿನೋನು ತುತ್ತೂರಿ ಎಳೆದು ಊದಿದಾಗ. ಕೆಮ್ಮಿ ಬೀಳೋರಂತೂ ಬೇಕಾದಷ್ಟು. ನಕ್ಕು ಬೀಳೋರನ್ನ ಪುಸ್ತಕದಲ್ಲಿ ಓದಿದ್ದೆ, ನೋಡಿರ್ಲಿಲ್ಲ."

"ಈಗ ನೋಡಿದ್ರಲ್ಲ," ಎಂದಳು ಅಕ್ಕ.

"ನೋಡಿಲ್ಲ, ನೋಡ್ಬೇಕು. ಎದೆಗೆ ವೈರು, ತೋಳಿಗೆ ಬಿಪಿ ಪಟ್ಟಿ ಎಲ್ಲ ಇದೆ. ಮಂಚದ ಮೇಲೇ ಇದೀರಿ, ನಾವು ಪಕ್ಕದಲ್ಲೇ ಇದೀವಿ. ನಗಿ."

ಹೇಳಿದ ತಕ್ಷಣ ನಗು ಬರುತ್ತದೆಯೇ? ಮಂಚದ ತಲೆಯ ಕಡೆ ಎತ್ತಿ ಅವಳನ್ನು ಕೂರಿಸಿದರು. ನರ್ಸಮ್ಮ ಒಂದು ಜೋಕು ಹೇಳಿದರು, ಅಕ್ಕನಿಗೆ ಅದು ಮೊದಲೇ ಗೊತ್ತಿತ್ತು. ಆಗ ಗೋಡೆಯ ಕಡೆಯಿಂದ ಯಜಮಾನರು ಗಂಟಲು ಸರಿಮಾಡಿಕೊಂಡರು.

"ಒಬ್ಬ ಹಾಸಿಗೆ ಕೊಳ್ಳೋಕೆ ಬಂದ," ಎಂದರು. ಎಲ್ಲರೂ ಅವರತ್ತ ನೋಡಿದರು. "ಎಷ್ಟು ವರ್ಷ ಬಾಳಿಕೆ ಬರುತ್ತೆ ಅಂದ. ಹತ್ತು ವರ್ಷ ಅಂದೆ."

"ಆಮೇಲೆ?" ಎಂದರು ನರ್ಸಮ್ಮ.

ಯಜಮಾನರು ಬಹಳ ಯೋಚಿಸಿದರು. "ಆಮೇಲೆ... ತಗೊಂಡು ಹೋದ."

ನರ್ಸಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. ಅಕ್ಕನಿಗೆ ಮಾತ್ರ ನಗು ಬರಲಿಲ್ಲ, ಗಂಡನ ಮುಖವನ್ನೇ ನೋಡಿದಳು. ಇಷ್ಟು ವರ್ಷದ ಸಂಸಾರದಲ್ಲಿ ಈ ಮನುಷ್ಯ ಜೋಕು ಅಂತ ಹೇಳಲು ಹೊರಟದ್ದು ಇದೇ ಮೊದಲು. ಯಜಮಾನರು ಜೇಬಿನಿಂದ ಫೋನ್ ತೆಗೆದರು. "ಅವಳನ್ನ ನಾನೇ ಕರೀತೀನಿ," ಎಂದು ಹೊರಗೆ ನಡೆದರು.

ತಂಗಿ ಬಸ್ಸನ್ನು ಇನ್ನೊಬ್ಬರ ಕೈಗೆ ಒಪ್ಪಿಸಿ ಸಮವಸ್ತ್ರದಲ್ಲೇ ಬಂದಳು, ಕೊರಳಲ್ಲಿ ಸೀಟಿ, ಹೆಗಲಲ್ಲಿ ಚೀಲ. ವಿಷಯ ಕೇಳಿದ್ದೇ ಎರಡು ಹೆಜ್ಜೆ ಹಿಂದೆ ಸರಿದಳು. "ನನ್ನ ಕೈಲಿ ಆಗಲ್ಲ ಡಾಕ್ಟ್ರೇ. ಆವತ್ತು ಇವಳನ್ನ ಕೊಂದೇಬಿಟ್ಟೆ ಅಂದ್ಕೊಂಡಿದ್ದೆ. ಬಸ್ಸಲ್ಲೂ ಈಗ ಯಾರನ್ನೂ ನಗಿಸಲ್ಲ ನಾನು."

"ಲೇ," ಎಂದಳು ಅಕ್ಕ. "ಒಂದು ವರ್ಷದಿಂದ ಆ ಮುದುಕರನ್ನ ಬಸ್ಸಲ್ಲೇ ನಿಲ್ಲಿಸಿದೀಯ. ಪಾಪ, ಕಾಲು ನೋವು ಬಂದಿರುತ್ತೆ. ಇಳಿಸೇ ಅವರನ್ನ."

ತಂಗಿ ಭಾವನ ಮುಖ ನೋಡಿದಳು. ಅವರು ಹೇಳು ಎಂಬಂತೆ ತಲೆಯಾಡಿಸಿದರು. ಅವಳು ಕೈ ಕಟ್ಟಿಕೊಂಡು ನೆಟ್ಟಗೆ ನಿಂತಳು. ನಗು ಬರದಿರಲಿ ಎಂದೋ ಏನೋ, ಡಿಪೋ ಮ್ಯಾನೇಜರ ಮುಂದೆ ಹೇಳಿಕೆ ಕೊಡುವ ದನಿಯಲ್ಲಿ ಶುರು ಮಾಡಿದಳು. "ಸದರಿ ಬಸ್ಸಿಗೆ ಒಬ್ಬ ವೃದ್ಧರು ಹತ್ತಿದರು. ಸದರಿ ವೃದ್ಧರಿಗೆ ಕನ್ನಡಕ ಇರುವುದಿಲ್ಲ. ಸದರಿ ಕನ್ನಡಿಯಲ್ಲಿ ಸದರಿ ವೃದ್ಧರೇ ಕಂಡುಬಂದಿರುತ್ತಾರೆ. ಸದರಿಯವರು ಸದರಿಯವರಿಗೆ ಸರಿಯಲು ತಿಳಿಸಲಾಗಿ, ಸದರಿಯವರು ನಿರಾಕರಿಸಿರುತ್ತಾರೆ..."

ಅಕ್ಕನ ಭುಜ ಕುಲುಕಿತು. ಮೂಗಿನಿಂದ ಒಂದು ಸದ್ದು ಬಂತು, ಆಮೇಲೆ ತಡೆಯೇ ಇರಲಿಲ್ಲ. ವಾರ್ಡಿಗೆ ವಾರ್ಡೇ ತಿರುಗಿ ನೋಡುವ ಹಾಗೆ ನಕ್ಕಳು. ಮಾನಿಟರಿನ ಮೇಲೆ ಟಕಟಕ ಓಡುತ್ತಿದ್ದ ಹಸಿರು ಗೆರೆ ನಿಧಾನವಾಯಿತು, ಇನ್ನೂ ನಿಧಾನವಾಯಿತು, ಅಕ್ಕನ ಕತ್ತು ವಾಲಿತು. "ಅಕ್ಕಾ!" ಎಂದು ತಂಗಿ ಚೀರಿದಳು. ನರ್ಸಮ್ಮ ಮಂಚವನ್ನು ಸಮ ಮಾಡಿ ಕಾಲು ಎತ್ತಿ ಹಿಡಿದರು. ಗೆರೆ ಮತ್ತೆ ಚಿಗುರಿ ಓಡತೊಡಗಿತು. ಅಕ್ಕ ಕಣ್ಣು ಬಿಟ್ಟಳು.

"ಆಮೇಲೆ?" ಎಂದಳು.

ಆಮೇಲೆ ತಂಗಿ ಅಕ್ಕನ ಕಾಲು ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

ಡಾಕ್ಟರಮ್ಮ ವಿವರಿಸಿದರು. ಜೋರಾಗಿ ನಕ್ಕಾಗ ಎದೆಯೊಳಗೆ ಒತ್ತಡ ಏರುತ್ತದೆ, ಒಂದು ನರ ಅಗತ್ಯಕ್ಕಿಂತ ಜಾಸ್ತಿ ಬ್ರೇಕ್ ಒತ್ತುತ್ತದೆ, ಮಿದುಳಿಗೆ ಆ ಗಳಿಗೆ ರಕ್ತ ಸಾಲುವುದಿಲ್ಲ. ಮಲಗಿಸಿದರೆ ತಾನಾಗಿ ಸರಿಹೋಗುತ್ತದೆ. ಇನ್ನೊಂದೆರಡು ಪರೀಕ್ಷೆ ಮಾಡಿ ಹೃದಯದಲ್ಲಿ ಬೇರೇನೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಕಳಿಸುತ್ತೇವೆ ಎಂದರು.

"ಹಾಗಾದ್ರೆ ನಗೋದು?" ಎಂದು ಅಕ್ಕ ಕೇಳಿದಳು.

"ನಗೋದು ಬಿಡ್ಬೇಡಿ. ನಿಂತ್ಕೊಂಡು ನಗೋದು ಬಿಡಿ. ನೀರು ಚೆನ್ನಾಗಿ ಕುಡೀರಿ. ಕಿವಿ ಮುಚ್ಚಿದ ಹಾಗಾಯ್ತೋ, ಎಲ್ಲಿದ್ರೂ ಮಲಗಿಬಿಡಿ. ಜಾಸ್ತಿ ನಗಿಸೋರು ಬಂದ್ರೆ ಮೊದಲೇ ಮಲಗಿ."

ಅಕ್ಕ ಆಸ್ಪತ್ರೆಯ ಹಾಸಿಗೆಯನ್ನು ಬೆರಳಲ್ಲಿ ಒತ್ತಿ ನೋಡಿದಳು. "ಇದರ ಮೇಲೆ ಮಲಗಿದ್ರೆ ನಗು ಹೆಂಗೆ ಬರುತ್ತೆ ಡಾಕ್ಟ್ರೇ? ಹತ್ತಿ ತುಂಬಿದಾರೋ ಕಲ್ಲು ತುಂಬಿದಾರೋ," ಎಂದಳು.

ಪರೀಕ್ಷೆಗಳು ಮುಗಿದು ಮನೆಗೆ ಬಂದ ದಿನ ಸಂಜೆ ತಂಗಿ ಅಂಗಡಿಗೆ ಬಂದಾಗ ಯಜಮಾನರು ಯಂತ್ರ ನಿಲ್ಲಿಸಿದ್ದರು. ಹಾಸ್ಟೆಲ್ಲಿನವರಿಗೆಂದು ಕಟ್ಟಿಟ್ಟಿದ್ದರಲ್ಲಿ ಒಂದು ಹಾಸಿಗೆ ಬಿಚ್ಚಿ ಜಗುಲಿಯ ನಡುವೆ ಹಾಸಿದರು. ತಲೆ ಎತ್ತರಕ್ಕಿರಬಾರದೆಂದು ದಿಂಬನ್ನು ಮಾತ್ರ ತೆಗೆದಿಟ್ಟರು. "ಮಲಕ್ಕೋ," ಎಂದರು ಹೆಂಡತಿಗೆ. "ನೀನು ಹೇಳಮ್ಮಾ," ಎಂದರು ನಾದಿನಿಗೆ. ತಾವೂ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತರು.

ಅಕ್ಕ ತಾನೇ ಹೊಲಿದ ಹಾಸಿಗೆಯ ಮೇಲೆ ಅಂಗಾತ ಮಲಗಿದಳು. ಬೀದಿಯವರೆಲ್ಲ ನೋಡುತ್ತಿದ್ದರೂ ಅವಳಿಗೆ ಕ್ಯಾರೇ ಇಲ್ಲ. ತಂಗಿ ಚೀಲ ಕೆಳಗಿಟ್ಟು ಮೊದಲಿಂದ ಶುರು ಮಾಡಿದಳು, ಬಡಗಿ, ಕನ್ನಡಿ, ಮುದುಕರು, ಕೈ ಮುಗಿದದ್ದು, ಗುರಾಯಿಸಿದ್ದು. ಕಥೆ ಆ ಹಳೆಯ ಜಾಗಕ್ಕೆ ಬಂದು ನಿಂತಿತು.

"ಮೊದಲು ಅವನ ಹತ್ರ ತಗೊಳ್ಳಮ್ಮ ಅಂತ ಮುದುಕರು ಹಟ ಹಿಡಿದ್ರಲ್ಲ. ಆಗ್ಲಿ ಮಾರಾಯ್ರೆ ಅಂತ ನಾನೂ ಆ ಕಡೆ ಬಗ್ಗಿದೆ. ಆ ರಶ್ಶಲ್ಲಿ ಅದು ಕನ್ನಡಿ ಅಂತ ನನಗೇನು ಗೊತ್ತು? ಬಗ್ಗಿ ನೋಡ್ತೀನಿ..." ತಂಗಿಯ ದನಿ ಸಣ್ಣದಾಯಿತು. "ಅಲ್ಲಿ ನೀನು ನಿಂತಿದೀಯ."

"ನಾನಾ?"

"ನೀನೇ. ಇದೇ ಮೂಗು, ಇದೇ ಹಣೆ. ಖುಷಿಯಾಗ್ಬಿಡ್ತು ಕಣೇ ನಂಗೆ. ಅಕ್ಕಾ, ನೀನ್ಯಾವಾಗ ಹತ್ತಿದೆ, ಟಿಕೆಟ್ ತಗೊಂಡ್ಯಾ ಅಂತ ಜೋರಾಗಿ ಕೇಳ್ಬಿಟ್ಟೆ. ಬಸ್ಸಿಗೆ ಬಸ್ಸೇ ಗೊಳ್ ಅಂತು."

ಅಕ್ಕ ನಕ್ಕಳು. ನಗುತ್ತಾ ನಗುತ್ತಾ ಕಣ್ಣೀರು ಎರಡು ಕಡೆಯೂ ಇಳಿದು ಕಿವಿಗೆ ಹರಿಯಿತು. ತಂಗಿ ಅವಳ ಪಕ್ಕದಲ್ಲೇ ಉರುಳಿಕೊಂಡು ಹೇಳಿದಳು, "ಈ ವರ್ಷವೆಲ್ಲ ಬಸ್ಸಿನ ಕಿಟಕಿ ಗಾಜಲ್ಲಿ ನೀನು ಕಂಡಾಗೆಲ್ಲ, ಯಾವಾಗ ಹತ್ತಿದೆ ಅಂತ ಕೇಳ್ತಿದ್ದೆ ಅಕ್ಕಾ. ಯಾರೂ ನಗ್ತಿರ್ಲಿಲ್ಲ." ಅಕ್ಕ ಕೈ ಚಾಚಿ ಅವಳ ತಲೆಯನ್ನು ತನ್ನ ಭುಜಕ್ಕೆ ಎಳೆದುಕೊಂಡಳು. ಇಬ್ಬರೂ ನಗುತ್ತಿದ್ದರೋ ಅಳುತ್ತಿದ್ದರೋ, ನೋಡಿದವರಿಗೆ ಹೇಳಲು ಆಗುತ್ತಿರಲಿಲ್ಲ.

ಅಷ್ಟರಲ್ಲಿ ಗಿರಾಕಿಯೊಬ್ಬರು ಮೆಟ್ಟಿಲು ಹತ್ತಿ ಬಂದು, ಮಲಗಿದ್ದವಳನ್ನು ಕಂಡು ತಬ್ಬಿಬ್ಬಾದರು. "ನನ್ನ ಹಾಸಿಗೆ ಹೊಲಿದು ಆಯ್ತಾ ಅಂತ ಕೇಳೋಕೆ ಬಂದೆ... ಅಮ್ಮಾವ್ರು ಸುಮ್ನೆ ಮಲಗಿದಾರಾ?"

"ಸುಮ್ನೆ ಯಾಕೆ ಮಲಗ್ತಾಳೆ?" ಎಂದರು ಯಜಮಾನರು, ಹೆಂಡತಿಯ ಮೇಲಿಂದ ಕಣ್ಣು ತೆಗೆಯದೆ. "ಕೆಲಸದಲ್ಲಿದಾಳೆ. ಸ್ವಲ್ಪ ಕಾಯಿರಿ."